ಗಾಮಾ ಪೈಲವಾನರ ಬೈಠಕ್, ನನ್ನ ಪುಲ್‌ಅಪ್

ಕಳೆದ ವರ್ಷ ಬಕ್ರೀದ್ ರಜೆ ಮುಗಿಸಿ ಕಾಲೇಜಿಗೆ ಬಂದ ದಿನ ನನ್ನನ್ನು ನೋಡಿ ತರಗತಿಯವರೆಲ್ಲ ನಕ್ಕಿದ್ದು ಕೆಲವರಿಗೆ ನೆನಪಿರಬಹುದು. ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು, ಒಂದೊಂದೇ ಕಾಲು ಎತ್ತಿಡುತ್ತ ಹತ್ತಿದ್ದೆ. ಇಳಿಯುವಾಗಲಂತೂ ಹಿಮ್ಮುಖವಾಗಿ ಇಳಿದೆ. ಗಾಡಿಯಿಂದ ಬಿದ್ದೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು. ನಿಜ ಏನೆಂದರೆ, ಹಿಂದಿನ ದಿನ ನಾನು ಒಂದೇ ಸಲಕ್ಕೆ ಐದುನೂರು ಬೈಠಕ್ ಹೊಡೆದಿದ್ದೆ.

ಅದಕ್ಕೊಂದು ಕಾರಣವಿತ್ತು. ನನ್ನ ದೊಡ್ಡಪ್ಪನ ಮಗ, ನಾವೆಲ್ಲ ಭೈಯಾ ಎಂದು ಕರೆಯುವವನು, ಅಗ್ನಿವೀರ ಭರ್ತಿಗೆ ಹೋಗಿದ್ದ. 1.6 ಕಿಲೋಮೀಟರ್ ಓಟವನ್ನು ಸಮಯದೊಳಗೆ ಮುಗಿಸಿದ. ಆದರೆ ಪುಲ್‌ಅಪ್ ಕಂಬಿಗೆ ಬಂದಾಗ ಐದಕ್ಕೇ ಅವನ ಕೈ ಸೋತವು. ಅಲ್ಲಿ ಹತ್ತು ಎಳೆದರೆ 40 ಅಂಕ, ಕನಿಷ್ಠ ಆರು ಎಳೆಯಲೇಬೇಕು. ಒಂದೇ ಒಂದು ಕಡಿಮೆಯಾಯಿತು. ರಾತ್ರಿ ಬಸ್ಸಿಗೆ ಮರಳಿ ಬಂದವನು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ ಅಬ್ಬಾನ ಜೊತೆ ನಿಂಬೆ ತೋಟದ ಕೆಲಸಕ್ಕೆ ಹೋದ. ಮುಂದಿನ ವರ್ಷ ಹೋಗಬೇಕಾದವನು ನಾನು. ನಾನು ಎಷ್ಟು ಎಳೆಯಬಲ್ಲೆ ಎಂದು ಹಿತ್ತಲಿನ ಬೇವಿನ ಕೊಂಬೆಗೆ ನೇತುಬಿದ್ದು ನೋಡಿದೆ. ಮೂರು.

ಅದೇ ವಾರ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಗಾಮಾ ಪೈಲವಾನ ಎಂಬವರು ದಿನಕ್ಕೆ 5000 ಬೈಠಕ್, 3000 ದಂಡ ಹೊಡೆಯುತ್ತಿದ್ದರು ಎಂದು ಅದರಲ್ಲಿತ್ತು. ಅವರು ಐದು ಸಾವಿರ ಹೊಡೆದರೆ ನಾನು ಐದುನೂರಾದರೂ ಹೊಡೆಯಬೇಡವೇ ಅನಿಸಿತು. ಲೆಕ್ಕಕ್ಕೆ ಶೇಂಗಾಕಾಳು ಇಟ್ಟುಕೊಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಂಗಳದಲ್ಲಿ ಕೂತು ಎದ್ದೆ. ಮರುದಿನ ಏಳಲು ನೋಡಿದರೆ ತೊಡೆಗಳು ನನ್ನವಲ್ಲ. ಮುಂದಿನ ಹತ್ತು ದಿನ ಒಂದು ಬೈಠಕ್ ಕೂಡ ಆಗಲಿಲ್ಲ.

ನನ್ನ ದಾದಾ ಪ್ರಾಯದಲ್ಲಿ ಕುಸ್ತಿ ಆಡಿದವರು. ವಿಜಯಪುರದ ಸಿದ್ದೇಶ್ವರ ಜಾತ್ರೆಯ ಜಂಗೀ ನಿಕಾಲಿ ಕುಸ್ತಿಯಲ್ಲೂ ಬಸವನ ಬಾಗೇವಾಡಿ ಜಾತ್ರೆಯ ಕಣದಲ್ಲೂ ಲಂಗೋಟಿ ಕಟ್ಟಿದವರು. ನನ್ನ ಅವಸ್ಥೆ ನೋಡಿ ಅವರು ನಗಲಿಲ್ಲ, ಬೈಯಲೂ ಇಲ್ಲ. ಕೊಬ್ಬರಿ ಎಣ್ಣೆ ಬಿಸಿ ಮಾಡಿಸಿ ಕಾಲಿಗೆ ತಿಕ್ಕುತ್ತ, ಗಾಮಾ ಮೊದಲ ದಿನ ಎಷ್ಟು ಹೊಡೆದರು ಗೊತ್ತೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ವಿಡಿಯೊದಲ್ಲಿ ಅದು ಇರಲಿಲ್ಲ. ಆಮೇಲೆ ದಾದಾ ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆಯಿಂದ ಬರುವವರಿದ್ದಾರೆ. ಅವರಲ್ಲಿ ಪೊಲೀಸ್ ಮತ್ತು ಸೇನೆಯ ಭರ್ತಿಗೆ ತಯಾರಿ ನಡೆಸುವವರು ಬಹಳ. ಅವರಿಗೆ ಇದು ಉಪಯೋಗವಾಗಲಿ ಎಂಬುದು ನನ್ನ ಆಸೆ.

ದತಿಯಾದ ಅನಾಥ ಬಾಲಕ

ಗಾಮಾ ಅವರ ಪೂರ್ಣ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. ಹುಟ್ಟಿದ್ದು 1878ರಲ್ಲಿ, ಪಂಜಾಬಿನ ಅಮೃತಸರ ಜಿಲ್ಲೆಯ ಜಬ್ಬೋವಾಲ್ ಎಂಬ ಹಳ್ಳಿಯಲ್ಲಿ. ಮನೆತನ ಕಾಶ್ಮೀರಿ ಮೂಲದ್ದು, ತಲೆಮಾರುಗಳಿಂದ ಕುಸ್ತಿಯೇ ಕಸುಬು. ತಂದೆ ಮುಹಮ್ಮದ್ ಅಜೀಜ್ ಬಕ್ಷ್ ಈಗಿನ ಮಧ್ಯಪ್ರದೇಶದಲ್ಲಿರುವ ದತಿಯಾ ಸಂಸ್ಥಾನದ ಆಸ್ಥಾನದಲ್ಲಿ ಪೈಲವಾನರಾಗಿದ್ದರು. ಮಗ ಇನ್ನೂ ಚಿಕ್ಕವನಿರುವಾಗಲೇ, ಆರರ ಆಸುಪಾಸಿನ ವಯಸ್ಸಿನಲ್ಲಿ, ತಂದೆ ತೀರಿಕೊಂಡರು.

ತಾಯಿಯ ತಂದೆ ನೂನ್ ಪೈಲವಾನರು ಹುಡುಗನನ್ನು ಸಾಕಿದರು. ಅವರೂ ಹೋದ ಮೇಲೆ ಹೊಣೆ ಹೊತ್ತವರು ಮಾಮಾ ಈದಾ ಪೈಲವಾನರು. ಅನಾಥ ಹುಡುಗನಿಗೆ ಅವರು ಕೊಟ್ಟದ್ದು ಒಂದು ಕಣ, ಒಂದು ಸಲಿಕೆ, ಒಂದು ಲೆಕ್ಕ. ಸಲಿಕೆಯಿಂದ ಕಣದ ಮಣ್ಣು ಅಗೆದು ಹದ ಮಾಡಬೇಕು. ಆಮೇಲೆ ಬೈಠಕ್, ಆಮೇಲೆ ದಂಡ. ನಾಳೆ ಮತ್ತೆ ಅದೇ. ಅಷ್ಟು ಚಿಕ್ಕ ವಯಸ್ಸಿನ ಹುಡುಗನನ್ನು ದೊಡ್ಡವರೊಂದಿಗೆ ಕುಸ್ತಿಗೆ ಬಿಡುವಂತಿರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಅವನು ಮಾಡಿದ್ದು ಈ ಬುನಾದಿಯ ಕೆಲಸವನ್ನೇ. ಅವರ ಜೀವನವನ್ನು ಬರೆದವರು ಹೇಳುವ ಪ್ರಕಾರ, ಹತ್ತನೆಯ ವಯಸ್ಸಿಗೆ ಬರುವಷ್ಟರಲ್ಲಿ ಬಾಲಕ ಗಾಮಾ ದಿನವೂ ಐದುನೂರು ಬೈಠಕ್, ಐದುನೂರು ದಂಡ ಹೊಡೆಯುತ್ತಿದ್ದ.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. ನಾನು ಒಂದು ಮಧ್ಯಾಹ್ನದಲ್ಲಿ ಮುಟ್ಟಲು ಹೋದ ಸಂಖ್ಯೆ ಅದೇ ಐದುನೂರು. ಆ ಹುಡುಗ ಅದನ್ನು ಮುಟ್ಟಿದ್ದು ನಾಲ್ಕೈದು ವರ್ಷ ದಿನ ತಪ್ಪದೆ ಕೂತೆದ್ದ ಮೇಲೆ.

ಜೋಧಪುರದ ಸ್ಪರ್ಧೆ

1888ರಲ್ಲಿ ಜೋಧಪುರದ ಮಹಾರಾಜರು ಒಂದು ಸ್ಪರ್ಧೆ ಏರ್ಪಡಿಸಿದರು. ಅದು ಕುಸ್ತಿಯಲ್ಲ, ಬೈಠಕ್ ಸ್ಪರ್ಧೆ. ಯಾರು ಕೊನೆಯವರೆಗೆ ಕೂತು ಏಳುತ್ತಾರೋ ಅವರೇ ಗೆದ್ದಂತೆ. ದೇಶದ ಮೂಲೆಮೂಲೆಯಿಂದ ನಾಲ್ಕುನೂರಕ್ಕೂ ಹೆಚ್ಚು ಪೈಲವಾನರು ಬಂದರು. ಅವರ ನಡುವೆ ಹತ್ತು ವರ್ಷದ ಗಾಮಾ ಕೂಡ ನಿಂತ.

ಒಬ್ಬೊಬ್ಬರಾಗಿ ದೊಡ್ಡವರು ಹೊರಬಿದ್ದರು. ನೂರಾದರು, ಐವತ್ತಾದರು. ಕೊನೆಗೆ ಹದಿನೈದು ಮಂದಿ ಉಳಿದಾಗ ಅವರಲ್ಲಿ ಒಬ್ಬ ಈ ಹುಡುಗ. ಮಹಾರಾಜರು ಸ್ಪರ್ಧೆಯನ್ನು ಅಲ್ಲಿಗೇ ನಿಲ್ಲಿಸಿ, ಈ ವಯಸ್ಸಿನಲ್ಲಿ ಇಷ್ಟು ದೂರ ಬಂದವನೇ ಗೆದ್ದವನೆಂದು ಸಾರಿದರು. ಗಾಮಾ ಅಂದು ಹೊಡೆದ ಬೈಠಕ್ ಹಲವು ಸಾವಿರ ಎನ್ನುತ್ತಾರೆ. ಸರಿಯಾದ ಲೆಕ್ಕ ಅವರಿಗೇ ನೆನಪಿರಲಿಲ್ಲವಂತೆ. ಆ ಸ್ಪರ್ಧೆಯ ನಂತರ ಆ ಹುಡುಗನೂ ಒಂದು ವಾರ ಹಾಸಿಗೆ ಹಿಡಿದಿದ್ದನಂತೆ. ಇದನ್ನು ಕೇಳಿ ನನ್ನ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಆದರೆ ದಾದಾ ಒಂದು ಮಾತು ಸೇರಿಸಿದರು. ಸ್ಪರ್ಧೆಯ ದಿನ ಮೈ ದಣಿಸುವುದು ಬೇರೆ, ತಾಲೀಮಿನ ದಿನ ಮೈ ದಣಿಸುವುದು ಬೇರೆ. ಸ್ಪರ್ಧೆ ವರ್ಷಕ್ಕೊಮ್ಮೆ ಬರುತ್ತದೆ, ತಾಲೀಮು ನಾಳೆಯೂ ಇರುತ್ತದೆ.

ಜೋಧಪುರದ ಗೆಲುವಿನ ನಂತರ ದತಿಯಾದ ಮಹಾರಾಜರು ಬಾಲಕನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಅಲ್ಲಿಂದ ನಿಜವಾದ ಕುಸ್ತಿಯ ಕಲಿಕೆ ಆರಂಭವಾಯಿತು. ಹಾಲು, ಬಾದಾಮಿ, ಹಣ್ಣಿನ ರಸದ ಖುರಾಕು ಸಿಕ್ಕಿತು. ವರ್ಷಗಳು ಕಳೆದಂತೆ ಐದುನೂರು ಸಾವಿರವಾಯಿತು, ಸಾವಿರ ಹಲವು ಸಾವಿರವಾಯಿತು. ವಿಡಿಯೊದಲ್ಲಿ ಹೇಳಿದ 5000 ಬೈಠಕ್, 3000 ದಂಡದ ಲೆಕ್ಕ ಗಾಮಾ ಪ್ರಾಯಕ್ಕೆ ಬಂದ ಮೇಲಿನದು. ಅದರ ಜೊತೆಗೆ ಆಸ್ಥಾನದ ನಲವತ್ತು ಪೈಲವಾನರೊಂದಿಗೆ ದಿನವೂ ಜೋರು ಮಾಡುತ್ತಿದ್ದರು ಎನ್ನುತ್ತಾರೆ. ಕುತ್ತಿಗೆಗೆ ಹಾಕಿಕೊಂಡು ಬೈಠಕ್ ಹೊಡೆಯುತ್ತಿದ್ದ ಹಸ್ಲಿ ಎಂಬ ಕಲ್ಲಿನ ಬಳೆಯೊಂದು ಇಂದಿಗೂ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ತೂಕ 95 ಕಿಲೋ. ನಮ್ಮ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲು, ಗುಂಡು, ಉಸುಕಿನ ಚೀಲ ನೋಡಿದವರಿಗೆ ಈ ತೂಕ ಎಷ್ಟೆಂದು ಹೇಳಬೇಕಾಗಿಲ್ಲ. ಜಾತ್ರೆಯಲ್ಲಿ ಅಂಥದ್ದನ್ನು ಒಂದು ಸಲ ಎತ್ತಿದರೆ ಜನ ಸೀಟಿ ಹೊಡೆಯುತ್ತಾರೆ. ಗಾಮಾ ಅದನ್ನು ಹೊತ್ತು ತಾಲೀಮು ಮಾಡುತ್ತಿದ್ದರು.

ಲಂಡನ್ನಿನ ಬಾಗಿಲು

ಆ ಕಾಲದಲ್ಲಿ ಹಿಂದೂಸ್ತಾನದ ದೊಡ್ಡ ಪೈಲವಾನರೆಂದರೆ ರಹೀಮ್ ಬಕ್ಷ್ ಸುಲ್ತಾನಿವಾಲಾ. ಎತ್ತರ ಸುಮಾರು ಏಳು ಅಡಿ. ಗಾಮಾ ಐದು ಅಡಿ ಏಳು ಅಂಗುಲದ ಆಸುಪಾಸು. ಯುವಕ ಗಾಮಾ ಅವರೆದುರು ಕಣಕ್ಕಿಳಿದಾಗ ಕುಸ್ತಿ ಗಂಟೆಗಟ್ಟಲೆ ನಡೆದು ಸಮವಾಯಿತು. ಸೋಲುತ್ತಾನೆಂದು ನೋಡಲು ಬಂದ ಜನ ಗಾಮಾನ ಹೆಸರು ಹೇಳುತ್ತ ಮನೆಗೆ ಹೋದರು. ದಿನವೂ ಕೂತೆದ್ದ ಕಾಲುಗಳು ಅಂದು ಗಂಟೆಗಟ್ಟಲೆ ಬಗ್ಗಲಿಲ್ಲ.

1910ರಲ್ಲಿ ತಮ್ಮ ಇಮಾಮ್ ಬಕ್ಷ್ ಅವರನ್ನು ಕರೆದುಕೊಂಡು ಗಾಮಾ ಲಂಡನ್ನಿಗೆ ಹೋದರು. ಹಡಗಿನ ಪ್ರಯಾಣದ ಖರ್ಚನ್ನು ಬಂಗಾಳದ ಶ್ರೀಮಂತರೊಬ್ಬರು ಹೊತ್ತಿದ್ದರು. ಆದರೆ ಅಲ್ಲಿನ ಪಂದ್ಯಾವಳಿಯವರು ಗಾಮಾ ಅವರ ಎತ್ತರ ಸಾಲದೆಂದು ಹೆಸರನ್ನೇ ಬರೆದುಕೊಳ್ಳಲಿಲ್ಲ. ಸಾವಿರಾರು ಮೈಲಿ ದೂರ ಬಂದು ಬಾಗಿಲಲ್ಲೇ ನಿಂತಂತಾಯಿತು. ಭೈಯಾ ಭರ್ತಿಯ ಮೈದಾನದಿಂದ ಹೊರಗೆ ಬಂದು ನಿಂತಿದ್ದು ನನಗೆ ಇಲ್ಲಿ ನೆನಪಾಯಿತು.

ಗಾಮಾ ಮರಳಿ ಬರಲಿಲ್ಲ. ಯಾವ ತೂಕದ ಪೈಲವಾನರೇ ಆಗಲಿ, ಮೂವರನ್ನು ಮೂವತ್ತು ನಿಮಿಷದಲ್ಲಿ ಕೆಡವುತ್ತೇನೆ ಎಂದು ಬಹಿರಂಗ ಸವಾಲು ಹಾಕಿದರು. ಜನ ಮೊದಲು ಇದನ್ನು ತಮಾಷೆ ಎಂದುಕೊಂಡರು. ಕೊನೆಗೆ ಮುಂದೆ ಬಂದವರು ಅಮೆರಿಕದ ಬೆಂಜಮಿನ್ ರೋಲರ್, ವೃತ್ತಿಯಲ್ಲಿ ವೈದ್ಯರು. ಗಾಮಾ ಅವರನ್ನು ಮೊದಲ ಸಲ 1 ನಿಮಿಷ 40 ಸೆಕೆಂಡಿನಲ್ಲಿ, ಎರಡನೇ ಸಲ 9 ನಿಮಿಷ 10 ಸೆಕೆಂಡಿನಲ್ಲಿ ಚಿತ್ ಮಾಡಿದರು. ಆ ಮೇಲೆ ಪಂದ್ಯಾವಳಿಯ ಬಾಗಿಲು ತಾನಾಗಿ ತೆರೆಯಿತು.

1910ರ ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ತಾನಿಸ್ಲಾವ್ ಜ್ಬಿಸ್ಕೋ ಅವರೊಂದಿಗೆ ಕುಸ್ತಿ ನಡೆಯಿತು. ಗೆದ್ದವರಿಗೆ 250 ಪೌಂಡ್ ಮತ್ತು ಜಾನ್ ಬುಲ್ ಬೆಲ್ಟ್. ಜ್ಬಿಸ್ಕೋ ಆಗ ಜಗತ್ತಿನ ದೊಡ್ಡ ಪೈಲವಾನರಲ್ಲಿ ಒಬ್ಬರು, ತೂಕದಲ್ಲಿ ಗಾಮಾಗಿಂತ ಬಹಳ ಹೆಚ್ಚು. ಗಾಮಾ ಅವರನ್ನು ಬೇಗನೆ ಕೆಳಗೆ ತಂದರು. ಆದರೆ ಜ್ಬಿಸ್ಕೋ ಏಳಲೇ ಇಲ್ಲ, ಚಾಪೆಗೆ ಅಂಟಿಕೊಂಡೇ ಕಾಲ ತಳ್ಳಿದರು. ಎರಡೂವರೆ ಗಂಟೆಗೂ ಮೀರಿ ನಡೆದ ಕುಸ್ತಿ ಸಮವೆಂದು ಮುಗಿಯಿತು. ಸೆಪ್ಟೆಂಬರ್ 17ಕ್ಕೆ ಮತ್ತೆ ಕುಸ್ತಿ ಗೊತ್ತಾಯಿತು. ಅಂದು ಜ್ಬಿಸ್ಕೋ ಬರಲೇ ಇಲ್ಲ. ಬೆಲ್ಟ್ ಗಾಮಾ ಅವರಿಗೆ ಸಿಕ್ಕಿತು.

ಬ್ರಿಟಿಷರು ನಮ್ಮನ್ನು ಆಳುತ್ತಿದ್ದ ಕಾಲ ಅದು. ನಮ್ಮವರು ಮೈಯಲ್ಲಿ ಬಲವಿಲ್ಲದವರು ಎಂದು ಅವರು ಪುಸ್ತಕಗಳಲ್ಲಿ ಬರೆಯುತ್ತಿದ್ದ ಕಾಲ. ಅವರ ರಾಜಧಾನಿಯಲ್ಲೇ ಕುಳ್ಳನೆಂದು ಹೊರಗಿಟ್ಟವರು ಬೆಲ್ಟ್ ಕಟ್ಟಿಕೊಂಡು ಬಂದಾಗ ಹಿಂದೂಸ್ತಾನದ ಜನಕ್ಕೆ ಎಷ್ಟು ಸಂತೋಷವಾಗಿರಬೇಕೆಂದು ನಾವೇ ಊಹಿಸಿಕೊಳ್ಳಬಹುದು. ಮರಳಿದ ಮೇಲೆ ಅಲಹಾಬಾದಿನಲ್ಲಿ ರಹೀಮ್ ಬಕ್ಷ್ ಅವರೊಂದಿಗೆ ಮತ್ತೆ ಕುಸ್ತಿಯಾಯಿತು. ಗಾಮಾ ಗೆದ್ದು ರುಸ್ತುಮ್-ಎ-ಹಿಂದ್ ಆದರು. ಮುಂದಿನ ದಿನಗಳಲ್ಲಿ ತಮಗೆ ಕಠಿಣ ಎದುರಾಳಿಯೆಂದು ಅವರು ಹೆಸರಿಸುತ್ತಿದ್ದದ್ದು ತಾವು ಸೋಲಿಸಿದ ಈ ರಹೀಮ್ ಬಕ್ಷ್ ಅವರನ್ನೇ.

ಎದುರಾಳಿ ಇಲ್ಲದ ವರ್ಷಗಳು

ಅವರ ಜೀವನದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದರ ನಂತರದ ಭಾಗ. ಎಷ್ಟೋ ವರ್ಷ ಅವರೆದುರು ನಿಲ್ಲುವವರೇ ಇರಲಿಲ್ಲ. ಸ್ಪರ್ಧೆ ಇಲ್ಲ, ದಿನಾಂಕ ಇಲ್ಲ, ನೋಡುವ ಜನ ಇಲ್ಲ. ನಮ್ಮಂಥವರಾದರೆ ಪರೀಕ್ಷೆಯ ವೇಳಾಪಟ್ಟಿ ಬರುವವರೆಗೆ ಪುಸ್ತಕ ತೆರೆಯುವುದಿಲ್ಲ. ಗಾಮಾ ತಾಲೀಮು ಬಿಡಲಿಲ್ಲ.

1928ರ ಜನವರಿಯಲ್ಲಿ ಪಟಿಯಾಲದ ಮಹಾರಾಜರು ಜ್ಬಿಸ್ಕೋ ಅವರನ್ನು ಹಿಂದೂಸ್ತಾನಕ್ಕೆ ಕರೆಸಿದರು. ಹದಿನೇಳು ವರ್ಷಗಳ ಹಿಂದಿನ ಲೆಕ್ಕ ಅದು. ಗಾಮಾಗೆ ಆಗ ಐವತ್ತರ ಹತ್ತಿರ, ಜ್ಬಿಸ್ಕೋ ಕೂಡ ಅದೇ ವಯಸ್ಸಿನವರು. ಲಂಡನ್ನಿನಲ್ಲಿ ಎರಡೂವರೆ ಗಂಟೆಯಲ್ಲಿ ಆಗದಿದ್ದದ್ದು ಪಟಿಯಾಲದಲ್ಲಿ ಒಂದು ನಿಮಿಷದೊಳಗೆ ಆಯಿತು. ದೂರದಿಂದ ಬಂದವರು ಸರಿಯಾಗಿ ಕೂರುವ ಮೊದಲೇ ಕುಸ್ತಿ ಮುಗಿದಿತ್ತು. ಮರುವರ್ಷ ಜೆಸ್ ಪೀಟರ್ಸನ್ ಎಂಬವರು ಬಂದರು. ಅವರೂ ಎರಡು ನಿಮಿಷ ನಿಲ್ಲಲಿಲ್ಲ.

ಐವತ್ತನೆಯ ವಯಸ್ಸಿನಲ್ಲಿ ಆ ಬಲ ಉಳಿದಿದ್ದು ಹೇಗೆ ಎಂದು ನಮ್ಮ ದೈಹಿಕ ಶಿಕ್ಷಣದ ಸರ್ ಅವರನ್ನು ಕೇಳಿದೆ. ಅವರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಮೈ ಕಲಿಯುವ ಬಗೆ

ಒಂದು ವ್ಯಾಯಾಮದಲ್ಲಿ ನಮ್ಮ ಬಲ ಹೆಚ್ಚುವುದು ಎರಡು ದಾರಿಯಲ್ಲಿ. ಒಂದು, ಸ್ನಾಯು ದಪ್ಪವಾಗುವುದು. ಇದಕ್ಕೆ ತಿಂಗಳುಗಳು ಬೇಕು, ಒಳ್ಳೆಯ ಊಟ ಮತ್ತು ನಿದ್ದೆ ಬೇಕು. ಇನ್ನೊಂದು, ಮೆದುಳು ಮತ್ತು ನರಗಳು ಆ ಚಲನೆಯನ್ನು ಕಲಿಯುವುದು. ಹೊಸದಾಗಿ ಪುಲ್‌ಅಪ್ ಮಾಡುವವನಿಗೆ ಬೆನ್ನಿನಲ್ಲಿ ಬಲ ಇದ್ದರೂ ಅದನ್ನೆಲ್ಲ ಒಟ್ಟಿಗೆ ಕೆಲಸಕ್ಕೆ ಕರೆಯಲು ನರಗಳಿಗೆ ಬರುವುದಿಲ್ಲ. ಸೈಕಲ್ ಕಲಿತಂತೆ, ಅರಬಿ ಅಕ್ಷರ ತಿದ್ದಿದಂತೆ ಅದೂ ಒಂದು ಕಲಿಕೆ. ಆರಂಭದ ವಾರಗಳಲ್ಲಿ ನಮಗೆ ಕಾಣುವ ಸುಧಾರಣೆ ಹೆಚ್ಚಾಗಿ ಈ ಕಲಿಕೆಯಿಂದಲೇ ಬರುತ್ತದೆ.

ಕಲಿಕೆಯಾದರೆ ಅದಕ್ಕೆ ಮತ್ತೆ ಮತ್ತೆ ಮಾಡುವುದೇ ದಾರಿ. ವಾರಕ್ಕೊಮ್ಮೆ ನಾಲ್ಕು ತಾಸು ಕೂತು ತಿದ್ದಿದ ಅಕ್ಷರಕ್ಕಿಂತ ದಿನವೂ ಹತ್ತು ನಿಮಿಷ ತಿದ್ದಿದ ಅಕ್ಷರ ದುಂಡಾಗುತ್ತದೆ. ಆದರೆ ಮೈಯ ವಿಷಯದಲ್ಲಿ ಒಂದು ಶರತ್ತು ಇದೆ. ದಿನವೂ ಮಾಡಬೇಕೆಂದರೆ ದಿನವೂ ಸೋಲುವವರೆಗೆ ಮಾಡಬಾರದು. ಕೈ ನಡುಗುವವರೆಗೆ ಎಳೆದರೆ ಸ್ನಾಯು ಹರಿದು ನೋವಾಗುತ್ತದೆ, ಅದು ಸರಿಹೋಗಲು ಮೂರು ನಾಲ್ಕು ದಿನ ಬೇಕು, ಅಷ್ಟು ದಿನ ಅಭ್ಯಾಸ ನಿಲ್ಲುತ್ತದೆ. ಅದರ ಮೇಲೆ, ದಣಿದ ಮೈ ತಪ್ಪು ಚಲನೆಯನ್ನೇ ಕಲಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಇನ್ನೂ ಒಂದೆರಡು ಎಳೆಯಬಲ್ಲೆ ಎನ್ನುವಾಗಲೇ ಕಂಬಿ ಬಿಡಬೇಕು.

ಇನ್ನೊಂದು ಎಚ್ಚರಿಕೆಯನ್ನು ಸರ್ ಗಂಭೀರವಾಗಿ ಹೇಳಿದರು. ಅಭ್ಯಾಸವಿಲ್ಲದ ಮೈಯಲ್ಲಿ ಒಮ್ಮೆಗೇ ನೂರಾರು ಬೈಠಕ್ ಹೊಡೆದರೆ ಕೆಲವೊಮ್ಮೆ ಸ್ನಾಯುವಿನ ಕಣಗಳು ಒಡೆದು ಅದರ ಅಂಶ ರಕ್ತಕ್ಕೆ ಸೇರುತ್ತದೆ, ಕಿಡ್ನಿಗೆ ಅಪಾಯವಾಗುತ್ತದೆ. ವಿಪರೀತ ನೋವು, ಊತದ ಜೊತೆ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಎಣ್ಣೆ ತಿಕ್ಕುತ್ತ ಕೂರಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ನನಗೆ ಹಾಗಾಗಲಿಲ್ಲ, ಅಲ್ಲಾಹನ ದಯೆ. ಆದರೆ ಆಗಬಹುದಿತ್ತು. ಅದಕ್ಕೇ ಆ ಐದುನೂರರ ಕಥೆಯನ್ನು ಮುಚ್ಚಿಡದೆ ಬರೆದಿದ್ದೇನೆ.

ದಿನಕ್ಕೆ ಐದು ಹೊತ್ತು

ಮೊದಲು ನಾನು ಭಾನುವಾರ ಮಾತ್ರ ಎಳೆಯುತ್ತಿದ್ದೆ. ಮೂರು, ಆಮೇಲೆ ಎರಡು, ಆಮೇಲೆ ಒಂದು. ಒಟ್ಟು ಆರು. ಬುಧವಾರದವರೆಗೆ ತೋಳು ನೋವು. ವಾರದ ಲೆಕ್ಕ ಆರೇ.

ದಾದಾ ಬೇರೆ ದಾರಿ ತೋರಿಸಿದರು. ಒಂದು ಸಲಕ್ಕೆ ಒಂದೇ ಎಳೆ, ಆದರೆ ದಿನಕ್ಕೆ ಐದು ಹೊತ್ತು. ಹಳೆಯ ಬೋರ್‌ವೆಲ್ ಪೈಪಿನ ತುಂಡನ್ನು ಎರಡು ಬೇವಿನ ಮರಗಳ ನಡುವೆ ಭೈಯಾ ಕಟ್ಟಿಕೊಟ್ಟ. ಹೊತ್ತು ಮರೆಯಬಾರದೆಂದು ನಮಾಜಿನೊಂದಿಗೆ ಜೋಡಿಸಿಕೊಂಡೆ. ಫಜರ್ ಆದ ಮೇಲೆ ಒಂದು, ಬಸ್ಸಿಗೆ ಹೊರಡುವ ಮುಂಚೆ ಒಂದು, ಜುಹರ್ ಆದ ಮೇಲೆ ಕಾಲೇಜಿನ ಮೈದಾನದಲ್ಲಿ ಒಂದು, ಅಸರ್ ಆದ ಮೇಲೆ ಒಂದು, ಮಗರಿಬ್ ಆದ ಮೇಲೆ ಒಂದು. ಶುಕ್ರವಾರ ಪೂರ್ತಿ ವಿಶ್ರಾಂತಿ. ದಿನಕ್ಕೆ ಐದು, ವಾರಕ್ಕೆ ಮೂವತ್ತು. ಆರರ ಜಾಗದಲ್ಲಿ ಮೂವತ್ತು, ಅದೂ ನೋವಿಲ್ಲದೆ. ಮೊದಲ ವಾರ ಇದು ವ್ಯಾಯಾಮವೇ ಅಲ್ಲ ಅನಿಸಿತು. ಬೆವರು ಕೂಡ ಬರಲಿಲ್ಲ. ಬಿಟ್ಟುಬಿಡೋಣ ಎಂದು ಎರಡು ಸಲ ಅಂದುಕೊಂಡೆ. ಬೆವರೇ ಲೆಕ್ಕವಾದರೆ ಹೊಲಕ್ಕೆ ಹೋಗು, ಪೈಪಿಗೇಕೆ ನೇತುಬೀಳುತ್ತಿ ಎಂದು ದಾದಾ ಗದರಿದರು.

ಮೂರನೆಯ ವಾರದಿಂದ ಕೆಲವು ಹೊತ್ತು ಎರಡು ಎಳೆದೆ. ಐದನೆಯ ವಾರಕ್ಕೆ ಐದೂ ಹೊತ್ತು ಎರಡು. ಎರಡನೆಯ ತಿಂಗಳು ಮುಗಿದ ಶನಿವಾರ, ಶುಕ್ರವಾರದ ವಿಶ್ರಾಂತಿ ಆದ ಮರುದಿನ, ಎಷ್ಟು ಆಗುತ್ತದೆಂದು ಪರೀಕ್ಷೆ ಮಾಡಿದೆ. ಆರು. ಭೈಯಾ ಕೆಳಗೆ ನಿಂತು ಎಣಿಸುತ್ತಿದ್ದ. ಆರನೆಯದಕ್ಕೆ ಗದ್ದ ಪೈಪಿನ ಮೇಲೆ ಬಂದಾಗ ಅವನು ಎಣಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತ ನಿಂತ. ಮರುದಿನ ಫಜರ್ ಆದ ಮೇಲೆ ನಾನು ಹಿತ್ತಲಿಗೆ ಹೋದರೆ ಪೈಪಿಗೆ ಅವನು ಆಗಲೇ ನೇತುಬಿದ್ದಿದ್ದ. ಅವನ ವಯಸ್ಸಿಗೆ ಇನ್ನೊಂದು ಭರ್ತಿಗೆ ಅವಕಾಶವಿದೆ.

ರಮಜಾನ್ ತಿಂಗಳಲ್ಲಿ ಉಪವಾಸದ ಹೊತ್ತಿನಲ್ಲಿ ಎಳೆಯಲಿಲ್ಲ. ಇಫ್ತಾರ್ ಆಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಒಮ್ಮೆ, ತರಾವೀಹ್ ಆದ ಮೇಲೆ ಒಮ್ಮೆ, ಒಂದೊಂದೇ. ಲೆಕ್ಕ ಕಡಿಮೆಯಾಯಿತು, ಅಭ್ಯಾಸ ತಪ್ಪಲಿಲ್ಲ. ಈದ್ ಆದ ಮೇಲೆ ನೋಡಿದರೆ ಇದ್ದ ಬಲ ಇದ್ದಂತೆಯೇ ಇತ್ತು. ಊಟ ನಮ್ಮ ಮನೆಯದೇ: ಜೋಳದ ರೊಟ್ಟಿ, ಬೇಳೆ, ಹೆಸರುಕಾಳು, ಮೊಟ್ಟೆ, ಶೇಂಗಾ ಹಿಂಡಿ. ಗಾಮಾ ಅವರ ಬಾದಾಮಿ ನಮ್ಮ ಕೈಗೆ ಎಟುಕುವುದಲ್ಲ. ಇದನ್ನು ಬರೆಯುವ ಹೊತ್ತಿಗೆ ನನ್ನ ಲೆಕ್ಕ ಒಂಬತ್ತು. ಹತ್ತು ಇನ್ನೂ ಆಗಿಲ್ಲ.

ನನ್ನ ತಂಗಿ ಮೊದಲ ಪಿಯುಸಿ. ಅವಳಿಗೆ ಪೊಲೀಸ್ ಆಗುವ ಆಸೆ. ಅವಳು ಇದೇ ರೀತಿಯಲ್ಲಿ ದಂಡ ಆರಂಭಿಸಿದ್ದಾಳೆ. ಮೊದಲು ಗೋಡೆಗೆ ಕೈಯೂರಿ, ಆಮೇಲೆ ಅಡುಗೆ ಮನೆಯ ಕಟ್ಟೆಗೆ, ಈಗ ನೆಲಕ್ಕೆ. ಒಂದು ವ್ಯಾಯಾಮ ಆರಿಸಿಕೊಳ್ಳುವುದು, ಆಗುವುದರ ಅರ್ಧದಷ್ಟು ಮಾತ್ರ ಮಾಡುವುದು, ದಿನಕ್ಕೆ ಹಲವು ಹೊತ್ತು ಮಾಡುವುದು, ವಾರಕ್ಕೊಂದು ದಿನ ಬಿಡುವುದು, ಲೆಕ್ಕವನ್ನು ನಿಧಾನ ಏರಿಸುವುದು. ನಾವು ಮಾಡಿದ್ದು ಇಷ್ಟೇ. ಗಂಟಿನಲ್ಲಿ, ಮೊಣಕೈಯಲ್ಲಿ ನೋವು ಬಂದರೆ ಕೆಲವು ದಿನ ಬಿಡಬೇಕು.

ಬಲ ಯಾತಕ್ಕೆ

ಗಾಮಾ ಅವರ ಕಥೆ ಪಟಿಯಾಲದ ಗೆಲುವಿಗೆ ಮುಗಿಯುವುದಿಲ್ಲ. 1947ರಲ್ಲಿ ದೇಶ ಇಬ್ಭಾಗವಾದಾಗ ಅವರು ಲಾಹೋರಿನಲ್ಲಿದ್ದರು. ಅವರಿದ್ದ ಮೋಹನಿ ರಸ್ತೆಯಲ್ಲಿ ಹಿಂದೂ ಕುಟುಂಬಗಳೂ ಇದ್ದವು. ಒಂದು ದಿನ ಆ ಮನೆಗಳ ಮೇಲೆ ಗುಂಪೊಂದು ನುಗ್ಗಿ ಬಂದಾಗ ಎಪ್ಪತ್ತರ ಹತ್ತಿರದ ಗಾಮಾ ತಮ್ಮ ಶಿಷ್ಯರೊಂದಿಗೆ ಅಡ್ಡ ನಿಂತರೆಂದು ಹೇಳುತ್ತಾರೆ. ಮುಂದೆ ಬಂದವನಿಗೆ ಒಂದು ಏಟು ಬಿತ್ತು, ಗುಂಪು ಚದುರಿತು. ಆ ನೆರೆಯವರು ಊರು ಬಿಡಬೇಕಾಗಿ ಬಂದಾಗ ಗಾಮಾ ತಮ್ಮ ಖರ್ಚಿನಲ್ಲಿ ದಾರಿಯ ಬುತ್ತಿ ಕಟ್ಟಿಸಿ ಗಡಿಯವರೆಗೆ ಕಳಿಸಿಬಂದರಂತೆ. ಜೀವಮಾನವಿಡೀ ಕೂಡಿಟ್ಟ ಬಲವನ್ನು ಅವರು ಖರ್ಚು ಮಾಡಿದ್ದು ಹೀಗೆ.

ಈ ಭಾಗ ಹೇಳುವಾಗ ದಾದಾ ತಮ್ಮ ಊರಿನ ತಾಲೀಮಿನ ಮಾತು ತೆಗೆದರು. ಗೂಡಿನಲ್ಲಿ ಹನುಮಪ್ಪನ ಪಟ, ಕಲಿಸುವವರು ಮುಸಲ್ಮಾನ ಉಸ್ತಾದರು, ಕಣದ ಮಣ್ಣು ಎಲ್ಲರದು. ಅದೇ ಮಣ್ಣು ಮೈಗೆ ಹಚ್ಚಿಕೊಂಡವರಿಗೆ ಹೊರಗೆ ಬಂದು ಜಗಳವಾಡುವ ಮನಸ್ಸು ಬರುತ್ತಿರಲಿಲ್ಲ ಎಂದರು.

ಗಾಮಾ ಅವರ ಕೊನೆಗಾಲ ಸುಖದ್ದಾಗಿರಲಿಲ್ಲ. ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಆಶ್ರಯ ಕೊಟ್ಟ ಸಂಸ್ಥಾನಗಳು ಇಲ್ಲವಾಗಿದ್ದವು. ಹೃದಯದ ಕಾಯಿಲೆ, ಉಬ್ಬಸ ಕಾಡಿದವು, ಔಷಧಿಗೆ ಹಣ ಸಾಲಲಿಲ್ಲ. ಅವರ ಕಷ್ಟ ತಿಳಿದು ಭಾರತದಿಂದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ ಅವರು ಗಡಿಯಾಚೆಗೆ ನೆರವು ಕಳಿಸಿದರು. 1960ರ ಮೇ 23ರಂದು ಗಾಮಾ ಲಾಹೋರಿನಲ್ಲಿ ಕಣ್ಮುಚ್ಚಿದರು. ತಮ್ಮ ಇಮಾಮ್ ಬಕ್ಷ್ ಅವರ ಮಗ ಭೋಲೂ ಪೈಲವಾನರು ಮನೆತನದ ಕುಸ್ತಿಯನ್ನು ಮುಂದುವರಿಸಿದರು. ಕುಂಗ್‌ಫೂ ಸಿನಿಮಾಗಳ ಬ್ರೂಸ್ ಲೀ ಕೂಡ ಗಾಮಾ ಅವರ ವ್ಯಾಯಾಮದ ಬಗ್ಗೆ ಓದಿ ಬೈಠಕ್ ಅಳವಡಿಸಿಕೊಂಡಿದ್ದರಂತೆ.

ಚಿಕ್ಕದಾದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಪ್ರವಾದಿವರ್ಯರ ಬೋಧನೆಯನ್ನು ನಾವೆಲ್ಲ ಮದರಸಾದಲ್ಲಿ ಕೇಳಿದ್ದೇವೆ. ಬಸವಣ್ಣನವರು ಹುಟ್ಟಿದ ನೆಲದವರಾದ ನಮಗೆ ಕಾಯಕವೆಂಬ ಮಾತೂ ಹೊಸದಲ್ಲ. ಕೇಳಿದ್ದು ಕಿವಿಯಲ್ಲಿತ್ತು. ನನಗೆ ಅದು ತೋಳಿಗೆ ಇಳಿಯಲು ಐದುನೂರು ಬೈಠಕ್‌ನ ನೋವು ಬೇಕಾಯಿತು, ನಿಮಗೆ ಬೇಡ.

ಮುಂದಿನ ಭರ್ತಿಗೆ ನಾನೂ ಭೈಯಾನೂ ಒಟ್ಟಿಗೆ ಹೋಗುತ್ತೇವೆ. ಆಯ್ಕೆ ಆಗುವುದು ಬಿಡುವುದು ಅಲ್ಲಾಹನ ಕೈಯಲ್ಲಿದೆ. ಅಷ್ಟರೊಳಗೆ ಆ ಹತ್ತನೆಯದು ಆಗಬೇಕು. ಈಗ ಅಸರ್ ಆಯಿತು, ಪೈಪಿನ ಹೊತ್ತು. ಇಲ್ಲಿಗೆ ನಿಲ್ಲಿಸುತ್ತೇನೆ.